ಒಂದೇ ಕಿರುಪುಸ್ತಕದಲ್ಲಿ ಆರು ಥರದ ‘ಬಕೆಟ್’, ಕನ್ನಡಕ್ಕೆ ಏನು ಮಾಡೋಣ?

ಅಡಿಟಿಪ್ಪಣಿ

ನಿವೃತ್ತಿಯಾದವರು ದುಡ್ಡನ್ನು ಹೇಗೆ ಹೂಡಬೇಕು ಅಂತ ತಿಳಿಸುವ ಒಂದು ಇಂಗ್ಲಿಷ್ ಕಿರುಪುಸ್ತಕವನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ಓದುವವರು ಅರವತ್ತರ ಆಸುಪಾಸಿನವರು. ಮ್ಯೂಚುವಲ್ ಫಂಡ್ ಗೊತ್ತಿರುವವರೂ ಇರುತ್ತಾರೆ, ಎಫ್‌ಡಿ ಬಿಟ್ಟು ಬೇರೇನೂ ನೋಡದವರೂ ಇರುತ್ತಾರೆ. ಮೂಲ ಬರೆದವರಿಗೆ ‘ಬಕೆಟ್’ ಅನ್ನುವ ಪದದ ಮೇಲೆ ಎಲ್ಲಿಲ್ಲದ ಪ್ರೀತಿ. ನೋಡಿ:

ನಿಮ್ಮ ಉಳಿತಾಯವನ್ನು ಮೂರು ‘ಬಕೆಟ್’ ಮಾಡಿ ಅಂತ ಒಂದು ಕಡೆ. ನಿಮ್ಮ ‘ಬಕೆಟ್ ಲಿಸ್ಟ್’ಗೆ ಬೇರೆ ದುಡ್ಡು ಇಡಿ ಅಂತ ಇನ್ನೊಂದು ಕಡೆ. ಬೆಲೆಯೇರಿಕೆ ಮುಂದೆ ಬಡ್ಡಿ ‘ಎ ಡ್ರಾಪ್ ಇನ್ ದ ಬಕೆಟ್’. ಉಯಿಲಿನ ಅಧ್ಯಾಯಕ್ಕೆ ‘ಬಿಫೋರ್ ಯು ಕಿಕ್ ದ ಬಕೆಟ್’ ಅಂತ ತಮಾಷೆಯ ಶೀರ್ಷಿಕೆ. ‘ಬಕೆಟ್ ಶಾಪ್’ಗಳಿಂದ ದೂರ ಇರಿ ಅಂತ ಒಂದು ಎಚ್ಚರಿಕೆ. ಕೊನೇ ಪುಟದಲ್ಲಿ, ನಿಮ್ಮ ದಾಖಲೆಗಳೆಲ್ಲ ಸುರಕ್ಷಿತ ‘ಬಕೆಟ್’ನಲ್ಲಿ ಇರುತ್ತವೆ ಅಂತ ಭರವಸೆ.

ಆರಕ್ಕೂ ಬಕೆಟ್ ಅಂತಲೇ ಬರೆದರೆ ಓದುವವರು ಬಚ್ಚಲುಮನೆಯಲ್ಲೇ ಸುತ್ತುತ್ತಿರುತ್ತಾರೆ. ನಿಮ್ಮ ಸಲಹೆ ಏನು?

ಬೆಣ್ಣೆದೋಸೆ

ಮೊದಲು ಒಂದು ಮಾತು. ‘ಮೂರು ಬಕೆಟ್ ಹಿಡಿಯಿರಿ’ ಅಂತ ಮಾತ್ರ ಬರೆಯಬೇಡಿ. ನಿವೃತ್ತಿ ಆದಮೇಲೂ ಸಾಹೇಬರ ಹಿಂದೆ ಸುತ್ತಬೇಕಾ ಅಂತ ಕೇಳುತ್ತಾರೆ.

ಕೋಟೆಬಾಗಿಲು

ಬೆಣ್ಣೆದೋಸೆ ತಮಾಷೆಗೆ ಹೇಳಿದರೂ ವಿಷಯ ಅಲ್ಲೇ ಇದೆ. ಇಂಗ್ಲಿಷಿನ ಬಕೆಟ್ಟೇ ಬೇರೆ, ಕನ್ನಡದ ಬಕೆಟ್ಟೇ ಬೇರೆ. ನಾವು ಪಾತ್ರೆಯನ್ನೂ ಹೆಸರನ್ನೂ ತಂದುಕೊಂಡೆವು. ಅದರ ಜೊತೆಗಿದ್ದ ಮಾತುಗಳನ್ನು ತರಲಿಲ್ಲ. ಅವುಗಳ ಬದಲು ನಮ್ಮದೇ ಒಂದು ನುಡಿಗಟ್ಟು ಕಟ್ಟಿಕೊಂಡೆವು. ಯಾರನ್ನಾದರೂ ಓಲೈಸಿ ಕೆಲಸ ಮಾಡಿಸಿಕೊಂಡರೆ ‘ಬಕೆಟ್ ಹಿಡಿದ’ ಅನ್ನುತ್ತೇವೆ. ಇದನ್ನು ಇಂಗ್ಲಿಷಿಗೆ ಹಾಗೇ ಹಾಕಿದರೆ ಲಂಡನ್ನಿನವರಿಗೆ ತಲೆಬುಡ ಅರ್ಥವಾಗುವುದಿಲ್ಲ.

ನಾನು ಇಂಗ್ಲಿಷ್ ಪಾಠ ಮಾಡಿದವನು, ಸ್ವಲ್ಪ ಬೇರು ಕೆದಕುತ್ತೇನೆ. ಬೇಸರವಾದರೆ ಮುಂದಿನ ಉತ್ತರಕ್ಕೆ ಹೋಗಿ. ಈ ಪದ ಇಂಗ್ಲಿಷಿಗೆ ಬಂದದ್ದು 13ನೇ ಶತಮಾನದ ಹೊತ್ತಿಗೆ, ನಾರ್ಮನ್ ಫ್ರೆಂಚರ ‘ಬುಕೆಟ್’ನಿಂದ. ಅದರ ಹಿಂದೆ ಹಳೆಯ ಇಂಗ್ಲಿಷಿನ ‘ಬೂಕ್’ ಇದೆ ಅನ್ನುತ್ತಾರೆ. ಬೂಕ್ ಅಂದರೆ ಹೂಜಿ, ಹೊಟ್ಟೆ ಎರಡೂ. ಮೊದಲು ಇದು ಬಾವಿಯಿಂದ ನೀರು ಸೇದುವ ಪಾತ್ರೆ. ಆಮೇಲೆ ಏನನ್ನಾದರೂ ಮೊಗೆಯುವ, ತುಂಬುವ, ಸುರಿಯುವ ಯಾವುದಕ್ಕೂ ಅದೇ ಹೆಸರು ಬಂತು. ಜೆಸಿಬಿಯ ಮುಂದಿನ ಬಾಯಿಯೂ ಬಕೆಟ್ಟೇ. ಕಾರಿನಲ್ಲಿ ಕೂತವರನ್ನು ಅಪ್ಪಿಕೊಳ್ಳುವ ಸೀಟೂ ಬಕೆಟ್ ಸೀಟೇ.

ಹಾಗಾಗಿ ನಿಮ್ಮ ಪುಸ್ತಕದಲ್ಲಿ ಒಂದೊಂದು ಸಲವೂ, ಈ ವಾಕ್ಯದಲ್ಲಿ ಬಕೆಟ್ ಏನು ಕೆಲಸ ಮಾಡುತ್ತಿದೆ ಅಂತ ನೋಡಿ. ಪದಕ್ಕೆ ಪದ ಹುಡುಕಲು ಹೋಗಬೇಡಿ.

ಕಡಲಕರೆ

ನಮ್ಮ ಕಡೆ ಇದು ಬಕೆಟ್ಟೇ ಅಲ್ಲ, ಬಾಲ್ದಿ. ಮಂಗಳೂರು, ಉಡುಪಿಯ ಹಳಬರ ಮನೆಯಲ್ಲಿ ಈಗಲೂ ಬಾಲ್ದಿಯೇ. ಕೊಂಕಣಿಯಲ್ಲೂ ಅದೇ. ಪೋರ್ಚುಗೀಸರ ‘ಬಾಲ್ದ್‌’ನಿಂದ ಬಂದದ್ದು. ಮೇಜು, ಚಾವಿ ಬಂದ ಹಡಗಿನಲ್ಲೇ ಇದೂ ಬಂತು ಅಂದುಕೊಳ್ಳಿ. ಹಿಂದಿಯ ಬಾಲ್ಟಿ, ಮರಾಠಿಯ ಬಾದಲಿ ಎಲ್ಲ ಅದರ ದಾಯಾದಿಗಳು. ಅಂದರೆ ಬಕೆಟ್ ಬರುವ ಮೊದಲೇ ಕರಾವಳಿಯಲ್ಲಿ ಇನ್ನೊಂದು ಪರದೇಶಿ ಹೆಸರು ಮನೆ ಮಾಡಿಕೊಂಡಿತ್ತು.

ಜೋಳದರೊಟ್ಟಿ

ನಮ್ಮಜ್ಜಿ ಬಕೀಟು ಅಂತಿದ್ದರು. ಅದೂ ತಗಡಿನದಕ್ಕೆ ಮಾತ್ರ. ಪ್ಲಾಸ್ಟಿಕ್ಕಿಂದು ಅವರ ಲೆಕ್ಕದಲ್ಲಿ ಪಾತ್ರೆಯೇ ಅಲ್ಲ.

ಒಂದು ಪ್ರಶ್ನೆ. ಅದಕ್ಕೂ ಮೊದಲು ಕನ್ನಡದಲ್ಲಿ ಏನಿತ್ತು? ಕೊಡ ಅಂದರೆ ಕುತ್ತಿಗೆ ಸಣ್ಣ. ಹಂಡೆ ಅಂದರೆ ನೀರು ಕಾಯಿಸೋದು. ಬಾನಿ ಅಂದರೆ ಅಗಲ ಬಾಯಿ, ಎತ್ತಿಕೊಂಡು ಓಡಾಡೋದಲ್ಲ. ಕಪಿಲೆಯಲ್ಲಿ ನೀರು ಎತ್ತುತ್ತಿದ್ದದ್ದು ತೊಗಲಿನ ಚೀಲದಲ್ಲಿ. ಬಾಯಿ ಅಗಲ ಇದ್ದು, ತಳ ಸ್ವಲ್ಪ ಕಿರಿದಾಗಿ, ಮೇಲೆ ಆಚೀಚೆ ಬೀಳುವ ಹಿಡಿ ಇರುವ ಪಾತ್ರೆಗೆ ಮನೆಮಾತಿನ ಹೆಸರು ನನಗಂತೂ ಹೊಳೀತಿಲ್ಲ.

ಕೋಟೆಬಾಗಿಲು

ಜೋಳದರೊಟ್ಟಿಯವರು ಹಿಡಿಯನ್ನು ಹಿಡಿದರು, ಸರಿಯಾಗಿದೆ. ಇಂಗ್ಲಿಷಿನಲ್ಲೂ ಬಕೆಟ್‌ಗೂ ಟಬ್‌ಗೂ ಇರುವ ಮುಖ್ಯ ವ್ಯತ್ಯಾಸ ಅದೇ. ಬಕೆಟ್ ಎತ್ತಿಕೊಂಡು ಹೋಗುವುದಕ್ಕೆ, ಟಬ್ ಇಟ್ಟಲ್ಲೇ ಇರುವುದಕ್ಕೆ. ನಮ್ಮ ಹೆಣ್ಣುಮಕ್ಕಳು ನೀರು ಹೊರುತ್ತಿದ್ದದ್ದು ಸೊಂಟದ ಮೇಲೆ ಅಥವಾ ತಲೆಯ ಮೇಲೆ. ಅದಕ್ಕೆ ಕೊಡವೇ ಸರಿ. ಕುತ್ತಿಗೆ ಸಣ್ಣದಾದರೆ ನೀರು ತುಳುಕುವುದಿಲ್ಲ. ಕೈಯಲ್ಲಿ ತೂಗಿಸಿಕೊಂಡು ಹೋಗುವುದಕ್ಕೆ ಬಕೆಟ್. ಹೊರುವ ರೀತಿ ಬೇರೆ, ಪಾತ್ರೆಯೂ ಬೇರೆ.

ಮಂಜುಸೀಮೆ

ಮಿನೆಸೋಟದಿಂದ ಬರೆಯುತ್ತಿದ್ದೇನೆ. ಇಲ್ಲಿ ಬಕೆಟ್ ಜೊತೆಗೆ ‘ಪೇಲ್’ ಅಂತ ಇನ್ನೊಂದಿದೆ. ಇಲ್ಲಿನವರು ದೊಡ್ಡ ಐಸ್‌ಕ್ರೀಮ್ ಡಬ್ಬವನ್ನು ‘ಐಸ್‌ಕ್ರೀಮ್ ಪೇಲ್’ ಅನ್ನುತ್ತಾರೆ. ಖಾಲಿಯಾದ ಮೇಲೆ ಅದನ್ನು ಬಿಸಾಡುವುದೇ ಇಲ್ಲ. ಮೊಳೆ, ನಟ್ಟು, ತೋಟದ ಟೊಮ್ಯಾಟೊ ಎಲ್ಲ ಅದರಲ್ಲೇ. ನಮ್ಮಮ್ಮ ಬಂದಾಗ ಅದನ್ನು ನೋಡಿ ಬಹಳ ಖುಷಿಪಟ್ಟರು. ಪೇಂಟ್ ಬಕೆಟ್‌ನಲ್ಲಿ ಕರಿಬೇವಿನ ಗಿಡ ಹಾಕುವವರಿಗೆ ಇದು ಸಹಜವೇ ಅಲ್ವಾ.

ಪೇಲ್‌ಗೂ ಬಕೆಟ್‌ಗೂ ವ್ಯತ್ಯಾಸ ಏನು? ಇಲ್ಲಿ ಕೆಲವರು ಎರಡನ್ನೂ ಒಂದೇ ಅನ್ನುತ್ತಾರೆ, ಕೆಲವರು ಜಗಳಕ್ಕೇ ನಿಲ್ಲುತ್ತಾರೆ.

ಕೋಟೆಬಾಗಿಲು

ಅದು ಪಾತ್ರೆಯ ವ್ಯತ್ಯಾಸಕ್ಕಿಂತ ಊರಿನ ವ್ಯತ್ಯಾಸ. ಹ್ಯಾನ್ಸ್ ಕುರಾತ್ ಎಂಬ ಭಾಷಾ ವಿದ್ವಾಂಸರು 1949ರಲ್ಲಿ ಅಮೆರಿಕದ ಪೂರ್ವ ಭಾಗದ ಪದಗಳ ನಕ್ಷೆಯನ್ನೇ ಹೊರತಂದರು. ಉತ್ತರದವರು ಪೇಲ್, ಅದರ ಕೆಳಗಿನವರು ಮತ್ತು ದಕ್ಷಿಣದವರು ಬಕೆಟ್ ಅನ್ನುವುದು ಆ ನಕ್ಷೆಗಳಲ್ಲಿ ಕಾಣುತ್ತದೆ. ನಮ್ಮ ಬಾಲ್ದಿ, ಬಕೆಟ್ ಗೆರೆ ಎಳೆದ ಹಾಗೇ.

ಬ್ರಿಟನ್ನಿನಲ್ಲಿ ದಿನಬಳಕೆಗೆ ಬಕೆಟ್ಟೇ. ಸಮುದ್ರ ತೀರದಲ್ಲಿ ಮಕ್ಕಳು ಆಡುವುದನ್ನು ಅವರು ‘ಬಕೆಟ್ ಆ್ಯಂಡ್ ಸ್ಪೇಡ್’ ಅನ್ನುತ್ತಾರೆ, ಅಮೆರಿಕದವರು ‘ಪೇಲ್ ಆ್ಯಂಡ್ ಶವಲ್’ ಅನ್ನುತ್ತಾರೆ. ನಮ್ಮ ಮಕ್ಕಳು ಎಲ್‌ಕೆಜಿಯಲ್ಲಿ ಜ್ಯಾಕ್ ಮತ್ತು ಜಿಲ್ ಪದ್ಯದಲ್ಲಿ ಪೇಲ್ ಕಲಿಯುತ್ತಾರೆ. ಆಮೇಲೆ ಜೀವಮಾನದಲ್ಲಿ ಒಂದು ಸಲವೂ ಆ ಪದ ಬಳಸುವುದಿಲ್ಲ.

ಕಡಲಕರೆ

ಮಗ್ ವಿಷಯವೂ ಬರಲಿ. ಬಕೆಟ್ ಮತ್ತು ಮಗ್ ಅಂದರೆ ನಮಗೆ ಸ್ನಾನ. ಇಂಗ್ಲೆಂಡಿನ ಅಂಗಡಿಯಲ್ಲಿ ಮಗ್ ಕೇಳಿದರೆ ಕಾಫಿ ಕುಡಿಯುವ ಕಪ್ಪು ಕೊಡುತ್ತಾರೆ. ಅಲ್ಲಿಗೆ ಓದಲು ಹೋಗುವ ಮಕ್ಕಳು ‘ಪ್ಲಾಸ್ಟಿಕ್ ಜಗ್’ ಅಂತ ಕೇಳಬೇಕು.

ಅಡಿಟಿಪ್ಪಣಿ

ಮಾಹಿತಿ ಚೆನ್ನಾಗಿದೆ, ಆದರೆ ನನ್ನ ಮೂರು ಬಕೆಟ್ ಅಲ್ಲೇ ನಿಂತಿವೆ ಸ್ವಾಮಿ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲನೆಯದರಲ್ಲಿ ಒಂದೆರಡು ವರ್ಷದ ಮನೆಖರ್ಚು. ಉಳಿತಾಯ ಖಾತೆ, ಎಫ್‌ಡಿ, ಬೇಗ ವಾಪಸ್ ತೆಗೆಯಬಹುದಾದ ಲಿಕ್ವಿಡ್ ಫಂಡ್ ಇಂಥವು. ಎರಡನೆಯದರಲ್ಲಿ ಮುಂದಿನ ಕೆಲವು ವರ್ಷಕ್ಕೆ ಬೇಕಾಗುವ ದುಡ್ಡು, ಹೆಚ್ಚಾಗಿ ಸಾಲಪತ್ರಗಳು. ಮೂರನೆಯದರಲ್ಲಿ ಸದ್ಯಕ್ಕೆ ಮುಟ್ಟಬಾರದ ದುಡ್ಡು, ಷೇರುಗಳಲ್ಲಿ. ಮೊದಲನೆಯದು ಖಾಲಿಯಾಗುತ್ತಾ ಬಂದಾಗ ಅದರ ಮುಂದಿನದರಿಂದ ತುಂಬಬೇಕು. ಪೇಟೆ ಬಿದ್ದ ವರ್ಷ ಷೇರು ಮಾರುವ ಗತಿ ಬರಬಾರದು, ಅದೇ ಇದರ ಉದ್ದೇಶ.

‘ಬುಟ್ಟಿ’ ಅಂತ ಹಾಕಲೇ?

ಬೆಣ್ಣೆದೋಸೆ

‘ನಿಮ್ಮ ದುಡ್ಡನ್ನು ಬುಟ್ಟಿಗೆ ಹಾಕಿಕೊಳ್ಳಿ’? ಬುಟ್ಟಿಗೆ ಹಾಕಿಕೊಳ್ಳೋದು ಅಂದರೆ ಮರುಳು ಮಾಡೋದು. ಅರವತ್ತರ ಅಂಕಲ್‌ಗಳಿಗೆ ಬೇಡದ ಐಡಿಯಾ ಕೊಡುತ್ತೀರಿ.

ಮೂಲೆಮನೆ

‘ಡಬ್ಬಿ’ ಹೇಗೆ? ಸಾಸಿವೆ ಡಬ್ಬಿಯ ದುಡ್ಡು ಅಂದರೆ ಯಾರಿಗೆ ಗೊತ್ತಿಲ್ಲ! ನಮ್ಮ ತಾಯಂದಿರು ಮಾಡಿದ್ದು ಇದನ್ನೇ. ಹಾಲಿನವನಿಗೆ ಒಂದು ಡಬ್ಬಿ, ಫೀಸಿಗೆ ಒಂದು, ಬಂಗಾರದ ಚೀಟಿಗೆ ಒಂದು. ಒಂದರ ದುಡ್ಡು ಇನ್ನೊಂದಕ್ಕೆ ಹೋಗಬಾರದು. ಆ ವಿಷಯದಲ್ಲಿ ರಿಸರ್ವ್ ಬ್ಯಾಂಕೂ ಅಷ್ಟು ಕಟ್ಟುನಿಟ್ಟಲ್ಲ.

ಹಳೇ ಗಿರಾಕಿ

ಡಬ್ಬಿ ಚೆನ್ನಾಗಿದೆ, ಆದರೆ ನಿಮ್ಮ ಪಟ್ಟಿಯ ಐದನೇ ಬಕೆಟ್ ಜೊತೆ ಢಿಕ್ಕಿ ಹೊಡೆಯುತ್ತದೆ. ‘ಬಕೆಟ್ ಶಾಪ್’ಗೆ ಭಾರತದಲ್ಲಿ ಆಗಲೇ ಹೆಸರಿದೆ: ಡಬ್ಬಾ ಟ್ರೇಡಿಂಗ್.

19ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಬಕೆಟ್ ಶಾಪ್‌ಗಳು ಗಲ್ಲಿಗಲ್ಲಿಯಲ್ಲಿದ್ದವು. ನೀವು ದುಡ್ಡು ಕೊಟ್ಟು ಇಂಥ ಷೇರು ಏರುತ್ತದೆ ಅಂತ ಹೇಳುತ್ತೀರಿ. ಅಂಗಡಿಯವನು ಬರೆದುಕೊಳ್ಳುತ್ತಾನೆ. ಆದರೆ ಷೇರನ್ನು ಯಾರೂ ಕೊಳ್ಳುವುದಿಲ್ಲ, ಮಾರುವುದಿಲ್ಲ. ಪೇಟೆಯ ದರ ನೋಡಿಕೊಂಡು ನಿಮಗೂ ಅವನಿಗೂ ನಡುವೆ ಬರೀ ಬಾಜಿ. ನೀವು ಸೋತರೆ ಅವನಿಗೆ ಲಾಭ. ನೀವು ಜಾಸ್ತಿ ಗೆದ್ದರೆ ಬೆಳಿಗ್ಗೆ ಅಂಗಡಿ ಬಾಗಿಲು ಹಾಕಿರುತ್ತದೆ.

ಇಲ್ಲಿನ ಡಬ್ಬಾ ಟ್ರೇಡಿಂಗೂ ಇದೇ ಆಟ. ವ್ಯವಹಾರ ಎಕ್ಸ್‌ಚೇಂಜ್‌ಗೆ, ಅಂದರೆ ಅಧಿಕೃತ ಷೇರುಪೇಟೆಗೆ ಹೋಗುವುದೇ ಇಲ್ಲ. ಬ್ರೋಕರ್ ಕೊಡಬೇಕಾದ ಕಾಂಟ್ರ್ಯಾಕ್ಟ್ ನೋಟ್ ಇಲ್ಲ, ತೆರಿಗೆ ಇಲ್ಲ, ಎಲ್ಲ ನಗದು. ಇದು ಕಾನೂನಿಗೆ ವಿರುದ್ಧ. ಷೇರುಪೇಟೆಯ ನಿಯಂತ್ರಕ ಸೆಬಿ ಮತ್ತು ಎನ್‌ಎಸ್‌ಇ ಎಕ್ಸ್‌ಚೇಂಜ್ ಇಂಥವರ ಬಗ್ಗೆ ಆಗಾಗ ಎಚ್ಚರಿಕೆ ಹೊರಡಿಸುತ್ತಲೇ ಇರುತ್ತವೆ. ಮೋಸ ಹೋದರೆ ಎಕ್ಸ್‌ಚೇಂಜ್‌ನಲ್ಲಿ ದೂರು ಕೊಡುವ ದಾರಿಯೂ ಇಲ್ಲ, ಏಕೆಂದರೆ ಅವರ ಪುಸ್ತಕದಲ್ಲಿ ನಿಮ್ಮ ವ್ಯವಹಾರವೇ ಇರುವುದಿಲ್ಲ.

ಆದ್ದರಿಂದ ಅಲ್ಲಿ ‘ಡಬ್ಬಾ ಟ್ರೇಡಿಂಗ್ ಮಾಡುವವರಿಂದ ದೂರ ಇರಿ’ ಅಂತ ನೇರವಾಗಿ ಬರೆಯಿರಿ. ಅದೇ ಪುಸ್ತಕದಲ್ಲಿ ‘ನಿಮ್ಮ ದುಡ್ಡನ್ನು ಡಬ್ಬಿಗೆ ಹಾಕಿ’ ಅನ್ನಬೇಡಿ. ಕನ್ನಡದಲ್ಲಿ ಡಬ್ಬಾ ಅಂದರೆ ಕೆಲಸಕ್ಕೆ ಬಾರದ್ದು ಅಂತಲೂ ಇದೆ. ದುಡ್ಡಿನ ಪುಸ್ತಕಕ್ಕೆ ಆ ಪದ ಒಳ್ಳೆಯದಲ್ಲ.

ಅಂದಹಾಗೆ ಬ್ರಿಟನ್ನಿನಲ್ಲಿ ಬಕೆಟ್ ಶಾಪ್ ಅಂದರೆ ಅಗ್ಗದ ವಿಮಾನ ಟಿಕೆಟ್ ಮಾರುವ ಏಜೆನ್ಸಿ ಅನ್ನುವ ಅರ್ಥವೂ ಇದೆ. ಮೂಲ ಲೇಖಕರು ಯಾವ ಕಡೆಯವರು ಅಂತ ನೋಡಿಕೊಳ್ಳಿ. ಇಲ್ಲಿ ಮಾತು ಷೇರಿನದ್ದು, ಹಾಗಾಗಿ ತೊಂದರೆ ಇಲ್ಲ.

ಜೋಳದರೊಟ್ಟಿ

ಹಾಗಾದರೆ ‘ಗಂಟು’. ಮೂರು ಗಂಟು ಮಾಡಿ ಇಡಿ.

ಮೂಲೆಮನೆ

ಮೂರು ಗಂಟು ಅಂದ ತಕ್ಷಣ ನನಗೆ ವಾಲಗ ಕೇಳಿಸಿತು. ಮೂರು ಗಂಟು ಹಾಕುವುದು ತಾಳಿಗೆ.

ಕೋಟೆಬಾಗಿಲು

ಬೆಣ್ಣೆದೋಸೆಯ ಹಾದಿಯಲ್ಲೇ ಎಲ್ಲರೂ ಹೊರಟಿದ್ದೀರಿ! ಆದರೆ ಜೋಳದರೊಟ್ಟಿಯವರು ಹತ್ತಿರ ಬಂದರು. ಕನ್ನಡದಲ್ಲಿ ‘ಇಡುಗಂಟು’ ಅನ್ನುವ ಒಳ್ಳೆಯ ಪದ ಇದೆ. ಕೂಡಿಟ್ಟ ದುಡ್ಡು ಅಂತ ಅರ್ಥ. ಪತ್ರಿಕೆಗಳಲ್ಲೂ ಬಳಸುತ್ತಾರೆ. ‘ನಿಮ್ಮ ಇಡುಗಂಟನ್ನು ಮೂರು ಭಾಗ ಮಾಡಿ’ ಅಂತ ಶುರು ಮಾಡಿ. ಆಮೇಲೆ ಮೂರಕ್ಕೂ ಕೆಲಸದ ಹೆಸರು ಕೊಡಿ: ಈಗಿನ ಖರ್ಚಿನ ಗಂಟು, ಆಮೇಲಿನ ಗಂಟು, ಮುಟ್ಟಬಾರದ ಗಂಟು. ಮೂಲದಲ್ಲಿ ಒಂದು, ಎರಡು, ಮೂರು ಅಂತ ನಂಬರ್ ಇದ್ದಿರಬಹುದು. ನಮ್ಮಲ್ಲಿ ಹೆಸರಿದ್ದರೆ ನೆನಪಿರುತ್ತದೆ.

ಹಳೇ ಗಿರಾಕಿ

‘ಮುಟ್ಟಬಾರದ ಗಂಟು’ ಬಹಳ ಹಿಡಿಸಿತು. ನಮ್ಮ ಮನೆಯಲ್ಲೇ ಅದನ್ನು ಬೋರ್ಡ್ ಬರೆಸಿ ಹಾಕಬೇಕು.

ಒಂದು ತಕರಾರು. ಬ್ಯಾಂಕಿನವರು, ಫಂಡ್ ಮಾರುವವರು ಎದುರು ಕೂತು ಮಾತಾಡುವಾಗ ‘ಬಕೆಟ್’ ಅಂತಲೇ ಹೇಳುತ್ತಾರೆ. ಓದಿದವರಿಗೆ ಎರಡನ್ನೂ ಹೊಂದಿಸಲು ಆಗಬೇಕು. ಮೊದಲ ಸಲ ಬಂದಾಗ ‘ಇದನ್ನೇ ಬಕೆಟ್ ಅನ್ನುತ್ತಾರೆ’ ಅಂತ ಒಂದು ಸಾಲು ಸೇರಿಸಿ.

ಮೋಡದಮನೆ

ಕೊನೇ ಪುಟದ ಬಕೆಟ್ ನನ್ನ ಹೊಟ್ಟೆಪಾಡಿನದು, ಅದನ್ನು ನಾನು ಹೇಳುತ್ತೇನೆ.

ಕ್ಲೌಡ್‌ನಲ್ಲಿ ಫೈಲುಗಳನ್ನು ಇಡುವ ಜಾಗಕ್ಕೆ ಬಕೆಟ್ ಅನ್ನುವ ಹೆಸರು ಹಬ್ಬಿದ್ದು ಅಮೆಜಾನ್ ಕಂಪನಿಯ ಎಸ್3 ಸೇವೆಯಿಂದ. ಅದು 2006ರ ಮಾರ್ಚ್‌ನಲ್ಲಿ ಶುರುವಾಯಿತು. ಗೂಗಲ್ ಕ್ಲೌಡ್ ಕೂಡ ಬಕೆಟ್ ಅನ್ನುತ್ತದೆ. ಮೈಕ್ರೋಸಾಫ್ಟ್‌ನ ಅಝೂರ್ ಮಾತ್ರ ‘ಕಂಟೇನರ್’ ಅನ್ನುತ್ತದೆ. ಕೆಲಸ ಹೆಚ್ಚುಕಮ್ಮಿ ಒಂದೇ.

ಯಾಕೆ ಫೋಲ್ಡರ್ ಅನ್ನಲಿಲ್ಲ? ಏಕೆಂದರೆ ಅದು ಫೋಲ್ಡರ್ ಅಲ್ಲ. ಕಪಾಟಿನಲ್ಲಿ ಅರೆ, ಅರೆಯಲ್ಲಿ ಫೈಲು ಅನ್ನುವ ಥರ ಮೆಟ್ಟಿಲುಗಳು ಅಲ್ಲಿಲ್ಲ. ಎಲ್ಲವನ್ನೂ ಒಂದೇ ಕಡೆ ಸುರಿದಿರುತ್ತೀರಿ, ಒಂದೊಂದಕ್ಕೂ ಒಂದು ಹೆಸರು ಕೊಟ್ಟಿರುತ್ತೀರಿ. ಹೆಸರಿನ ನಡುವೆ ಓರೆಗೆರೆ ಹಾಕಿದರೆ ನೋಡುವುದಕ್ಕೆ ಫೋಲ್ಡರ್ ಥರ ಕಾಣುತ್ತದೆ ಅಷ್ಟೇ. ಸುರಿಯುವುದು ಅನ್ನುವ ಕೆಲಸ ಇರುವುದರಿಂದ ಬಕೆಟ್ ಹೊಂದುತ್ತದೆ. ಕೋಟೆಬಾಗಿಲು ಅವರ ಮಾತು ಇಲ್ಲಿಗೂ ನಿಜ.

ಕನ್ನಡದಲ್ಲಿ? ಎಂಜಿನಿಯರ್‌ಗಳಿಗೆ ಬರೆಯುವಾಗ ಬಕೆಟ್ ಅಂತಲೇ ಬಿಡಿ. ತೆರೆಯ ಮೇಲೆ ಅವರು ಒತ್ತಬೇಕಾದದ್ದು ಅದನ್ನೇ. ನಿಮ್ಮ ಅರವತ್ತರ ಓದುಗರಿಗೆ ಆ ಪದವೇ ಬೇಡ. ‘ನಿಮ್ಮ ದಾಖಲೆಗಳನ್ನು ಸುರಕ್ಷಿತವಾಗಿ ಇಡಲಾಗಿದೆ’ ಅಂದರೆ ಮುಗಿಯಿತು. ಎಷ್ಟೇ ಸುರಕ್ಷಿತ ಅಂದರೂ ಪಾಸ್‌ಬುಕ್ಕನ್ನು ಬಕೆಟ್‌ನಲ್ಲಿ ಇಟ್ಟಿದ್ದೇವೆ ಅಂದರೆ ಯಾರು ನಂಬುತ್ತಾರೆ?

ಇನ್ನೊಂದು ಸೇರಿಸುತ್ತೇನೆ, ಪುಸ್ತಕಕ್ಕೆ ಸಂಬಂಧ ಇಲ್ಲದಿದ್ದರೂ. ನೆಟ್‌ವರ್ಕ್ ಪಾಠದಲ್ಲಿ ‘ಲೀಕಿ ಬಕೆಟ್’ ಅಂತ ಬರುತ್ತದೆ. ತಳದಲ್ಲಿ ತೂತಿರುವ ಬಕೆಟ್. ಮೇಲಿಂದ ನೀರು ಹೇಗೆ ಬೇಕಾದರೂ ಬೀಳಲಿ, ಕೆಳಗೆ ಒಂದೇ ಹದದಲ್ಲಿ ತೊಟ್ಟಿಕ್ಕುತ್ತದೆ. ತುಂಬಿ ಹೋದರೆ ಹೆಚ್ಚಾದದ್ದು ಚೆಲ್ಲಿ ಹೋಗುತ್ತದೆ. ಮಾಹಿತಿಯ ಹರಿವನ್ನು ಹೀಗೆ ಹಿಡಿತಕ್ಕೆ ತರಬಹುದು ಅಂತ ಜೊನಾಥನ್ ಟರ್ನರ್ 1986ರಲ್ಲಿ ಹೇಳಿದರು. ಅಲ್ಲಿ ತೂತು ಒಳ್ಳೆಯದು! ಕನ್ನಡದಲ್ಲಿ ‘ತೂತು ಬಿದ್ದ ಬಕೆಟ್’ ಅಂದರೆ ಸೋರಿಕೆ, ದಂಡ, ಲೂಟಿ ಅಂತಲೇ ಕೇಳಿಸುತ್ತದೆ. ನಾನು ಪಾಠ ಹೇಳುವಾಗ ‘ತೊಟ್ಟಿಕ್ಕುವ ಬಕೆಟ್’ ಅನ್ನುತ್ತೇನೆ.

ಸೌಟು

ತಡವಾಗಿ ಬಂದೆ. ಮದುವೆ ಮನೆಗಳಲ್ಲಿ ಅಡುಗೆ ಕಂಟ್ರ್ಯಾಕ್ಟ್ ಮಾಡುವವರು ನಾವು. ನಿಮಗೆಲ್ಲ ಬಕೆಟ್ ಅಂದರೆ ಸ್ನಾನ, ನಮಗೆ ಬಕೆಟ್ ಅಂದರೆ ಸಾರು. ಸ್ಟೀಲಿನದು, ಬಡಿಸುವುದಕ್ಕೇ ಬೇರೆ ಅಳತೆಯಲ್ಲಿ ಬರುತ್ತದೆ. ಒಂದು ಕೈಯಲ್ಲಿ ಬಕೆಟ್, ಇನ್ನೊಂದು ಕೈಯಲ್ಲಿ ಸೌಟು. ಪಂಕ್ತಿಯ ಆ ತುದಿಯಿಂದ ಈ ತುದಿಗೆ ಓಡಬೇಕು. ತುಂಬಾ ದೊಡ್ಡದಾದರೆ ಬಗ್ಗಿ ಬಡಿಸುವವನ ಸೊಂಟ ಹೋಗುತ್ತದೆ, ತುಂಬಾ ಸಣ್ಣದಾದರೆ ಎಲೆ ಎಲೆಗೂ ಅಡುಗೆಮನೆಗೆ ಓಡಬೇಕು. ಪಾಯಸಕ್ಕೆ ಬೇರೆ ಬಕೆಟ್ ಇಡಿ. ಎಷ್ಟು ತೊಳೆದರೂ ಹುಳಿಯ ವಾಸನೆ ಹೋಗುವುದಿಲ್ಲ.

ಈಗ ಹೊಸದು ಬಕೆಟ್ ಬಿರಿಯಾನಿ. ಬೆಂಗಳೂರಲ್ಲಿ ಆರ್ಡರ್ ಮಾಡಿದರೆ ಮುಚ್ಚಳ ಇರುವ ಬಕೆಟ್ಟೇ ಮನೆಗೆ ಬರುತ್ತದೆ. ತಿಂದ ಮೇಲೆ ಅದು ಬಚ್ಚಲಿಗೆ ಹೋಗುತ್ತದೋ ಅಕ್ಕಿ ತುಂಬಲು ಹೋಗುತ್ತದೋ ಅವರವರಿಗೆ ಬಿಟ್ಟದ್ದು.

ಮಂಜುಸೀಮೆ

ತಿನ್ನುವುದನ್ನು ಬಕೆಟ್ ಲೆಕ್ಕದಲ್ಲಿ ಮಾರಿದ್ದರಲ್ಲಿ ಹೆಸರಾದವರು ಕೆಎಫ್‌ಸಿಯವರು. 1957ರಿಂದ ಅವರ ಚಿಕನ್ ರಟ್ಟಿನ ಬಕೆಟ್‌ನಲ್ಲಿ ಬರತೊಡಗಿತು. ಒಬ್ಬರ ಊಟವಲ್ಲ, ಮನೆಮಂದಿಯ ಊಟ ಅನ್ನುವುದನ್ನು ಆ ಒಂದು ಪದ ಹೇಳಿಬಿಟ್ಟಿತು.

ಜೋಳದರೊಟ್ಟಿ

ಭಾರತದಲ್ಲಿ ಅವರ ಮೊದಲ ಅಂಗಡಿ ತೆರೆದದ್ದು ನಮ್ಮ ಬೆಂಗಳೂರಲ್ಲೇ, 1995ರಲ್ಲಿ, ಬ್ರಿಗೇಡ್ ರಸ್ತೆಯಲ್ಲಿ. ಮರುವರ್ಷ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ನುಗ್ಗಿ ಅಂಗಡಿಯ ಗಾಜು ಪುಡಿ ಮಾಡಿದರು. ಆಗ ಪೇಪರ್ ತುಂಬಾ ಅದೇ ಸುದ್ದಿ. ಬೀಜ, ಬಹುರಾಷ್ಟ್ರೀಯ ಕಂಪನಿ ಅಂತ ದೊಡ್ಡ ವಿಷಯ ಅದು, ಬಕೆಟ್ಟಿನ ಚರ್ಚೆಯಲ್ಲಿ ಮುಗಿಸೋದಲ್ಲ.

ಅಡಿಟಿಪ್ಪಣಿ

ಹೌದು, ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ಈಗ ‘ಡ್ರಾಪ್ ಇನ್ ದ ಬಕೆಟ್’ ನೋಡೋಣ. ನಾನು ‘ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಅಂತ ಹಾಕಿದ್ದೇನೆ.

ಕೋಟೆಬಾಗಿಲು

ಅದಕ್ಕಿಂತ ಒಳ್ಳೆಯದು ಸಿಗಲಾರದು. ಇಂಗ್ಲಿಷಿನದು ಬೈಬಲ್ಲಿನಿಂದ ಬಂದ ಮಾತು. 1611ರ ಕಿಂಗ್ ಜೇಮ್ಸ್ ಅನುವಾದದಲ್ಲಿ ಯೆಶಾಯನ ಗ್ರಂಥದ 40ನೇ ಅಧ್ಯಾಯದಲ್ಲಿದೆ. ದೇವರ ಮುಂದೆ ದೇಶದೇಶಗಳೆಲ್ಲ ಬಕೆಟ್ಟಿನ ಒಂದು ಹನಿಯಷ್ಟೇ ಅಂತ. ಅಲ್ಲಿ ಮಾತು ದೇವರ ದೊಡ್ಡತನದ್ದು. ಈಗ ಬರೀ ‘ಏನೇನೂ ಸಾಲದು’ ಅನ್ನುವುದಕ್ಕೆ ಬಳಸುತ್ತಾರೆ.

ಮೂಲೆಮನೆ

ನಮ್ಮ ಕಡೆ ಆನೆ ಅಲ್ಲ, ‘ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’.

ಜೋಳದರೊಟ್ಟಿ

ಎರಡೂ ಇವೆ. ಬೆಲೆಯೇರಿಕೆಗೆ ರಾವಣನೇ ಸರಿ. ಆನೆ ಪಾಪ ಏನು ಮಾಡಿತು?

ಅಡಿಟಿಪ್ಪಣಿ

ರಾವಣ ಅಂತಲೇ ಬದಲಾಯಿಸಿದೆ. ‘ಕಿಕ್ ದ ಬಕೆಟ್’ ಉಳಿಯಿತು. ಶೀರ್ಷಿಕೆ ತಮಾಷೆಯಾಗಿಯೂ ಇರಬೇಕು, ವಯಸ್ಸಾದವರಿಗೆ ಅಪಶಕುನ ಅನ್ನಿಸಲೂಬಾರದು.

ಬೆಣ್ಣೆದೋಸೆ

ಗೊಟಕ್ ಅನ್ನುವ ಮೊದಲು. ಟಿಕೆಟ್ ತಗೊಳ್ಳುವ ಮೊದಲು. ನೆಗೆದು ಬಿದ್ದು ನೆಲ್ಲಿಕಾಯಿ ಆಗುವ ಮೊದಲು. ಸಾಕಾ, ಇನ್ನೂ ಬೇಕಾ?

ಕೋಟೆಬಾಗಿಲು

ಬೆಣ್ಣೆದೋಸೆಯ ಪಟ್ಟಿ ಹದಕ್ಕೆ ಸರಿಯಾಗಿದೆ. ‘ಕಿಕ್ ದ ಬಕೆಟ್’ ಸಾವಿನ ಮನೆಯಲ್ಲಿ ಆಡುವ ಮಾತಲ್ಲ, ಗೆಳೆಯರ ನಡುವೆ ಆಡುವ ಒರಟು ಮಾತು. ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಹೊರತಂದ ಬೀದಿಮಾತಿನ ನಿಘಂಟಿನಲ್ಲಿ ‘ಸಾಯುವುದು’ ಅಂತ ಅರ್ಥ ಕೊಟ್ಟಿದ್ದಾನೆ.

ಈ ಬಕೆಟ್ ನೀರಿನ ಬಕೆಟ್ ಅಲ್ಲದೆಯೂ ಇರಬಹುದು. ಹಿಂದೆ ಇಂಗ್ಲಿಷಿನಲ್ಲಿ ತೊಲೆಗೂ ಬಕೆಟ್ ಅನ್ನುತ್ತಿದ್ದರು. ಅದು ಫ್ರೆಂಚಿನ ಬೇರೆ ಪದ ಇರಬೇಕು, ಉಚ್ಚಾರ ಮಾತ್ರ ಒಂದೇ. ಷೇಕ್ಸ್‌ಪಿಯರನ ‘ನಾಲ್ಕನೇ ಹೆನ್ರಿ’ಯ ಎರಡನೇ ಭಾಗದಲ್ಲಿ ಆ ಅರ್ಥದ ಬಕೆಟ್ ಬರುತ್ತದೆ. ಕೊಯ್ಯುವ ಹಂದಿಯನ್ನು ಆ ತೊಲೆಗೆ ತಲೆಕೆಳಗಾಗಿ ಕಟ್ಟುತ್ತಿದ್ದರು, ಒದ್ದಾಡುವಾಗ ಕಾಲು ತೊಲೆಗೆ ಬಡಿಯುತ್ತಿತ್ತು. ನುಡಿಗಟ್ಟು ಅಲ್ಲಿಂದ ಬಂತು ಅನ್ನುವುದನ್ನು ನಿಘಂಟುಕಾರರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ನೇಣು ಹಾಕಿಕೊಳ್ಳುವವರು ಬಕೆಟ್ ಮೇಲೆ ನಿಂತು ಒದೆಯುತ್ತಿದ್ದರು ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತದೆ, ಅದಕ್ಕೆ ಗಟ್ಟಿ ಆಧಾರ ಇಲ್ಲ.

ಶೀರ್ಷಿಕೆಗೆ ನನ್ನ ಸಲಹೆ: ‘ಟಿಕೆಟ್ ಕನ್ಫರ್ಮ್ ಆಗುವ ಮೊದಲು’. ರೈಲಿನ ವೇಟಿಂಗ್ ಲಿಸ್ಟ್ ಅನುಭವಿಸಿದವರು ನಗುತ್ತಾರೆ.

ಅಡಿಟಿಪ್ಪಣಿ

ಅಯ್ಯೋ, ಇದು ಸೂಪರ್! ತಗೊಂಡೆ.

ಮಂಜುಸೀಮೆ

‘ಬಕೆಟ್ ಲಿಸ್ಟ್’ ಕೂಡ ಆ ಒದೆತದಿಂದಲೇ ಬಂದದ್ದು. ಸಾಯುವ ಮೊದಲು ಮಾಡಬೇಕಾದ ಕೆಲಸಗಳ ಪಟ್ಟಿ. ಈ ಮಾತು ಮನೆಮಾತಾದದ್ದು 2007ರಲ್ಲಿ ಅದೇ ಹೆಸರಿನ ಹಾಲಿವುಡ್ ಸಿನಿಮಾ ಬಂದ ಮೇಲೆ. ಈಗ ಇಲ್ಲಿ ಇಪ್ಪತ್ತು ವರ್ಷದ ಹುಡುಗರೂ ‘ನನ್ನ ಬಕೆಟ್ ಲಿಸ್ಟ್‌ನಲ್ಲಿ ಜಪಾನ್ ಇದೆ’ ಅನ್ನುತ್ತಾರೆ. ಅದರ ಹಿಂದೆ ಸಾವು ಕೂತಿರುವುದು ಯಾರಿಗೂ ನೆನಪಿಲ್ಲ.

ಹಾಗಾಗಿ ಕನ್ನಡದಲ್ಲೂ ಸಾವನ್ನು ತರಬೇಡಿ. ‘ಬಹುದಿನದ ಆಸೆಗಳು’ ಅಂದರೆ ಸಾಕಲ್ವಾ?

ಮೂಲೆಮನೆ

ಸಾಕು. ನಮ್ಮ ಮಾವನವರ ಪಟ್ಟಿಯಲ್ಲಿ ಕಾಶಿ, ರಾಮೇಶ್ವರ ಎರಡೇ ಇದ್ದವು. ಅವರು ಅದನ್ನು ಪಟ್ಟಿ ಅಂತಲೂ ಅನ್ನಲಿಲ್ಲ, ‘ಒಂದು ಆಸೆ ಇದೆ’ ಅನ್ನುತ್ತಿದ್ದರು.

ಕಡಲಕರೆ

ಇಷ್ಟೆಲ್ಲ ಆಯಿತು, ನಮ್ಮ ಸ್ವಂತ ‘ಬಕೆಟ್ ಹಿಡಿಯೋದನ್ನು’ ಇಂಗ್ಲಿಷಿಗೆ ಏನು ಮಾಡುತ್ತೀರಿ? ನನಗೆ ಒಂದು ಕಥೆಯ ಇಂಗ್ಲಿಷ್ ಅನುವಾದ ನೋಡಬೇಕಾಗಿ ಬಂತು. ಅಲ್ಲಿ ‘ಬಕೆಟ್ ಹೋಲ್ಡರ್’ ಅಂತ ಇತ್ತು. ಓದಿದವರು ಪ್ಲಂಬರ್ ಅಂದುಕೊಳ್ಳುತ್ತಾರೆ.

ಬೆಣ್ಣೆದೋಸೆ

ಪಕ್ಕದ ಊರುಗಳನ್ನು ನೋಡಿ. ಹಿಂದಿಯಲ್ಲಿ ಇದೇ ಕೆಲಸ ಮಾಡುವವನು ‘ಚಮಚಾ’. ತಮಿಳಿನಲ್ಲಿ ‘ಸೊಂಬು ತೂಕ್ಕಿ’, ಅಂದರೆ ಚೊಂಬು ಹೊರುವವನು. ಅವರಿಗೆ ಚಮಚ ಸಾಕು, ಇವರಿಗೆ ಚೊಂಬು ಸಾಕು. ನಮಗೆ ಬಕೆಟ್ಟೇ ಬೇಕು. ಕನ್ನಡಿಗರು ಯಾವುದನ್ನೂ ಅರ್ಧಂಬರ್ಧ ಮಾಡೋದಿಲ್ಲ.

ಜೋಳದರೊಟ್ಟಿ

ಈಗ ಬಕೆಟ್ಟೂ ಸಣ್ಣದಾಗಿದೆ. ನಾಯಕರು ಊರಿಗೆ ಬಂದರೆ ಜೆಸಿಬಿ ಬಕೆಟ್‌ನಲ್ಲಿ ಹೂವು ತುಂಬಿ ಮೇಲಿಂದ ಸುರಿಯುತ್ತಾರೆ. ಸೇಬಿನ ಹಾರ ಎತ್ತುವುದಕ್ಕೂ ಯಂತ್ರ ಬೇಕು. ಎಲ್ಲ ಪಕ್ಷದವರಿಗೂ ಇದೇ ಮರ್ಯಾದೆ.

ಹಳೇ ಗಿರಾಕಿ

ಕೈಯಲ್ಲಿ ಬೊಕೆ, ಮನಸ್ಸಲ್ಲಿ ಬಕೆಟ್.

ನಿರ್ವಾಹಕ

ರಾಜಕೀಯ ಇಲ್ಲಿಗೆ ಸಾಕು. ಚೊಂಬಿನ ವಿಷಯಕ್ಕೂ ಹೋಗಬೇಡಿ. 2024ರ ಲೋಕಸಭಾ ಚುನಾವಣೆಯ ಚೊಂಬಿನ ಜಾಹೀರಾತಿನ ಮೇಲೆ ಇಲ್ಲಿ ಆದ ಜಗಳ ಎಲ್ಲರಿಗೂ ನೆನಪಿದೆ.

ಕೋಟೆಬಾಗಿಲು

ಕಡಲಕರೆಯವರಿಗೆ: ಪಾತ್ರೆಯನ್ನು ಬಿಟ್ಟುಬಿಡಿ. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಬೆಣ್ಣೆ ಇದೆ, ‘ಬಟರಿಂಗ್ ಅಪ್’. ನಮ್ಮಲ್ಲೂ ‘ಬೆಣ್ಣೆ ಹಚ್ಚೋದು’ ಇದೆಯಲ್ಲ, ಅದು ಎರಡೂ ಕಡೆ ನಡೆಯುತ್ತದೆ. ಆದರೆ ಬೆಣ್ಣೆ ಹಚ್ಚುವವನು ಆ ಹೊತ್ತಿಗೆ ಸಿಹಿ ಮಾತಾಡುತ್ತಾನೆ ಅಷ್ಟೇ. ಬಕೆಟ್ ಹಿಡಿಯುವವನಿಗೆ ಅದೇ ಕಸುಬು. ಕಥೆಯಲ್ಲಿ ಯಾವುದು ಅಂತ ನೋಡಿ. ಕಸುಬಿನವನಾದರೆ ‘ಟೋಡಿ’ ಅನ್ನುವ ಹಳೆಯ ಪದ ಹೊಂದುತ್ತದೆ.

ಮೋಡದಮನೆ

ಮಳೆಗೂ ಇದೆ, ನೆನಪಾಯಿತು. ಬ್ರಿಟಿಷರು ಜೋರು ಮಳೆಗೆ ‘ಇಟ್ಸ್ ಬಕೆಟಿಂಗ್ ಡೌನ್’ ಅನ್ನುತ್ತಾರೆ. ಬಕೆಟ್ ಅಲ್ಲಿ ಕ್ರಿಯಾಪದ.

ಕಡಲಕರೆ

ನಮ್ಮ ‘ಕುಂಭದ್ರೋಣ ಮಳೆ’ಯಲ್ಲೂ ಇರುವುದು ಪಾತ್ರೆಗಳೇ. ಕುಂಭ ಅಂದರೆ ಕೊಡ. ದ್ರೋಣ ಹಳೇ ಕಾಲದ ಅಳತೆಯ ಪಾತ್ರೆ. ಆಗುಂಬೆಯಲ್ಲಿ ಒಂದು ಜುಲೈ ಕಳೆದರೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೂಲೆಮನೆ

ಪೆಟ್ರೋಲ್ ಬಂಕಿನ ಕೆಂಪು ಬಕೆಟ್ ಯಾರೂ ಹೇಳಲಿಲ್ಲ. ಮರಳು ತುಂಬಿ ಸಾಲಾಗಿ ನೇತು ಹಾಕಿರುತ್ತಾರಲ್ಲ, ಅದರ ತಳ ಗುಂಡಗೆ ಯಾಕೆ?

ಸೌಟು

ನೆಲದ ಮೇಲೆ ಇಟ್ಟರೆ ಉರುಳುತ್ತದೆ. ಹಾಗಾಗಿ ಯಾರೂ ನೆಲ ಒರೆಸಲು, ಗಾಡಿ ತೊಳೆಯಲು ಎತ್ತಿಕೊಂಡು ಹೋಗುವುದಿಲ್ಲ. ಬೆಂಕಿ ಬಿದ್ದಾಗ ಜಾಗದಲ್ಲೇ ಇರುತ್ತದೆ. ತಳದಲ್ಲೂ ಒಂದು ಹಿಡಿ ಇರುತ್ತದೆ, ಎರಡೂ ಕೈಯಲ್ಲಿ ಹಿಡಿದು ಮರಳು ಬೀಸಿ ಎಸೆಯಲು. ನಮ್ಮ ಅಡುಗೆ ಕೊಟ್ಟಿಗೆಯಲ್ಲೂ ಎರಡು ಇಟ್ಟಿದ್ದೇವೆ. ಹುಡುಗರು ಒಂದರಲ್ಲಿ ಬೀಡಿ ತುಂಡು ಹಾಕುತ್ತಾರೆ, ಬೈದು ಸಾಕಾಗಿದೆ.

ಅಡಿಟಿಪ್ಪಣಿ

ಎಲ್ಲರಿಗೂ ಥ್ಯಾಂಕ್ಸ್. ಆರನ್ನೂ ಹೀಗೆ ಕಳಿಸುತ್ತಿದ್ದೇನೆ: ಇಡುಗಂಟು ಮೂರು ಭಾಗ, ಬಹುದಿನದ ಆಸೆಗಳು, ರಾವಣನ ಮಜ್ಜಿಗೆ, ಟಿಕೆಟ್ ಕನ್ಫರ್ಮ್, ಡಬ್ಬಾ ಟ್ರೇಡಿಂಗ್, ಕೊನೆಯದಕ್ಕೆ ಪದವೇ ಇಲ್ಲ. ‘ಬಕೆಟ್’ ಅನ್ನುವ ಪದ ಇಡೀ ಕನ್ನಡ ಪುಸ್ತಕದಲ್ಲಿ ಒಂದೇ ಸಲ ಬರುತ್ತದೆ, ಹಳೇ ಗಿರಾಕಿಯವರು ಹೇಳಿದ ಆ ಸಾಲಿನಲ್ಲಿ.

ಹಳೇ ಗಿರಾಕಿ

ಅಚ್ಚಿಗೆ ಹೋಗುವ ಮುಂಚೆ ಮುಖಪುಟ ನೋಡಿಕೊಳ್ಳಿ. ಮೂಲದಲ್ಲಿ ಮೂರು ಬಕೆಟ್ ಚಿತ್ರ ಇದ್ದರೆ ಅದನ್ನೂ ಬದಲಾಯಿಸಬೇಕಾಗುತ್ತದೆ.

ಅಡಿಟಿಪ್ಪಣಿ

ಇದೆ. ನೀಲಿ, ಹಳದಿ, ಹಸಿರು ಮೂರು ಬಕೆಟ್, ಒಂದರಿಂದ ಇನ್ನೊಂದಕ್ಕೆ ನಾಣ್ಯ ಸುರಿಯುತ್ತಿದೆ. ಚಿತ್ರ ಬರೆದವರಿಗೆ ಈಗಲೇ ಫೋನ್ ಮಾಡುತ್ತೇನೆ.